ಅಪ್ಪಾರ ಮೃತ್ಯುಪತ್ರ ಸಿಕ್ಕೈತಿ, ಪ್ರೊಬೇಟ್ ಮಾಡಿಸಿಕೊಡೋ ಚಲೋ ವಕೀಲರು ಹುಬ್ಬಳ್ಳಿ-ಧಾರವಾಡದಾಗ ಸಿಗ್ತಾರೇನ್ರಿ?

ಕೇಶ್ವಾಪುರದಾಂವ:
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮಪ್ಪಾರು ತೀರಿಕೊಂಡು ನಾಕು ತಿಂಗಳಾತು. ಮೊನ್ನೆ ಅವ್ವ ತಿಜೋರಿ ಸ್ವಚ್ಛ ಮಾಡೂಮುಂದ ಪಾಸ್‌ಬುಕ್ ಇಡೋ ಬಟ್ಟಿ ಚೀಲದಾಗ ಅಪ್ಪಾರು ಬರದಿಟ್ಟ ಮೃತ್ಯುಪತ್ರ, ಅಂದ್ರ ವಿಲ್, ಸಿಕ್ತು. ಗೆರಿ ಹಾಕಿದ ಹಾಳಿ ಎರಡು, ಪೂರಾ ಅವರದ ಕೈಬರಹ, ಕಡೀಕ ಸಹಿ, ಅದರ ಕೆಳಗ ಇಬ್ರು ಸಾಕ್ಷಿದಾರರ ಸಹಿ. ಬಾಂಡ್ ಪೇಪರ್ ಅಲ್ಲ, ರಿಜಿಸ್ಟರೂ ಆಗಿಲ್ಲ.

ಅಪ್ಪಾರು ರೈಲ್ವೆ ವರ್ಕ್‌ಶಾಪ್‌ನಾಗ ಇದ್ರು. ಕೇಶ್ವಾಪುರದ ಮನಿ ಅವರು ಪಗಾರದಾಗ ಉಳಿಸಿ ಕಟ್ಟಿದ್ದು. ಅಣ್ಣಿಗೇರಿ ಕಡೆ 6 ಎಕರೆ ಎರಿ ಹೊಲ ಐತಿ, ಅದು ಹಿರ್‍ಯಾರಿಂದ ಬಂದದ್ದು. ಎಫ್‌ಡಿ ಎರಡು, ಒಂದಕ್ಕ ಅಣ್ಣ ನಾಮಿನಿ, ಇನ್ನೊಂದಕ್ಕ ಯಾರೂ ಇಲ್ಲ. ಹಳೇ ಶೇರಿನ ಕಾಗದಾನೂ ಒಂದಿಷ್ಟು ಅದಾವು. ನಾವು ಮೂರು ಮಂದಿ, ಅಣ್ಣ ಪುಣೆದಾಗ, ತಂಗಿ ಗದಗಿಗೆ ಕೊಟ್ಟೇವಿ, ಅವ್ವ ನನ್ನ ಜೋಡಿ. ವಿಲ್‌ದಾಗ ಮನಿ ಮತ್ತು ಹೊಲ ಎರಡೂ ನನಗ ಅಣ್ಣಗ ಸಮಪಾಲು, ಅವ್ವ ಇರೋತನಕ ಮನ್ಯಾಗ ಇರಬೇಕು, ತಂಗಿಗೆ ಮದುವಿ ಚಲೋ ಮಾಡಿಕೊಟ್ಟೇನಿ ಅಂತ ಒಂದ ಸಾಲು.

ಬ್ಯಾಂಕ್‌ನವರು ಪ್ರೊಬೇಟ್ ತರ್ರಿ, ಅಂದ್ರ ಈ ವಿಲ್ ಖರೇ ಅಂತ ಕೋರ್ಟಿನಿಂದ ಪ್ರಮಾಣ ತರ್ರಿ ಅಂದ್ರು. ಒಬ್ರು ವಕೀಲರ ಹತ್ರ ಹೋದ್ರ ಒಟ್ಟು ಆಸ್ತಿ ಕಿಮ್ಮತ್ತಿನಾಗ 5 ಪರ್ಸೆಂಟ್ ಕೊಟ್ರ ಎಲ್ಲಾ ಮುಗಿಸಿಕೊಡ್ತೀನಿ, ಒರಿಜಿನಲ್ ಎಲ್ಲಾ ಇಲ್ಲೇ ಇಟ್ಟು ಹೋಗ್ರಿ ಅಂದ್ರು. ಇಡ್ಲಿಲ್ಲ, ವಾಪಸ್ ಬಂದೆ. ಈ ಕೆಲಸ ತಿಳಿದವರು ಯಾರರ ಇದ್ರ ಹೇಳ್ರಿ, ಇಲ್ಲಾ ವಕೀಲರನ್ನ ಹೆಂಗ ಹುಡುಕಬೇಕು ಅದನ್ನಾದ್ರೂ ಹೇಳ್ರಿ.

ಉಣಕಲ್ ಕೆರಿ:
ಒರಿಜಿನಲ್ ಕೊಡಲಾರ್ದ ಬಂದ್ರಲ್ಲ, ಅದ ಅರ್ಧಾ ಕೆಲಸ ಆದಂಗ.

ಮಾಳಮಡ್ಡಿ:
ನಮ್ಮ ಧಾರವಾಡ ಜಿಲ್ಲಾ 1956ರ ತನಕ ಮುಂಬೈ ಪ್ರಾಂತದಾಗ ಇತ್ತಲ್ಲಾ, ಹಿಂಗಾಗಿ ಮುಂಬೈ ಕಾಯ್ದೆ ನಮಗೂ ಹತ್ತತದ, ಪ್ರೊಬೇಟ್ ಕಡ್ಡಾಯ. ನಮ್ಮ ಮಾಮಾರ ಮನಿ ವಿಷಯದಾಗ ಹಿಂಗ ಹೇಳಿದ್ರು. ಮೈಸೂರು ಕಡೆದವರಿಗೆ ಬ್ಯಾಡ, ನಮಗ ಬೇಕ ಬೇಕು.

ಹಳೇ ಶಿರಸ್ತೇದಾರ:
ಮಾಳಮಡ್ಡಿಯವ್ರ, ಈ ಮಾತು ನಾನು ಕೋರ್ಟಿನಾಗ ಕೆಲಸಕ್ಕ ಸೇರಿದಾಗಿಂದ ಕೇಳಕೋತ ಬಂದೇನಿ, ತಪ್ಪು ಐತ್ರಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆದಾಗ ಪ್ರೊಬೇಟ್ ಕಡ್ಡಾಯ ಅಂತಿದ್ದದ್ದು ಬಂಗಾಲಕ್ಕ, ಆಮ್ಯಾಲೆ ಮುಂಬೈ ಮತ್ತ ಮದ್ರಾಸ್ ಹೈಕೋರ್ಟಿನ ಮೂಲ ಸಿವಿಲ್ ಅಧಿಕಾರ ನಡಿಯೋ ಜಾಗಾಕ್ಕ, ಅಂದ್ರ ಆ ಎರಡು ಶಹರಕ್ಕ. ಇಡೀ ಮುಂಬೈ ಪ್ರಾಂತಕ್ಕ ಅಲ್ಲ. ಧಾರವಾಡ, ಗದಗ, ಹಾವೇರಿ ಮಂದಿ ಇಲ್ಲಿ ಕುಂತು ಬರದ, ಇಲ್ಲಿನ ಆಸ್ತಿ ವಿಲ್‌ಗೆ ಅದು ಹತ್ತಂಗಿಲ್ಲ.

ಕೇಶ್ವಾಪುರದವ್ರ, ನಿಮಗ ಎರಡು ಪ್ರಶ್ನೆ. ಒಂದು, ವಿಲ್‌ದಾಗ 'ಇದನ್ನ ಇಂಥವರು ಜಾರಿ ಮಾಡಬೇಕು' ಅಂತ ಯಾರದರ ಹೆಸರು ಬರದಾರೇನು? ಬರದಿಲ್ಲಂದ್ರ ಪ್ರೊಬೇಟ್ ಅನ್ನೋದ ನಿಮಗ ಸಿಗಂಗಿಲ್ಲ, ಅದು ಸಿಗೋದು ವಿಲ್‌ದಾಗ ನೇಮಿಸಿದ ನಿರ್ವಾಹಕರಿಗೆ ಅಷ್ಟ. ಉಳಿದವರು ಅರ್ಜಿ ಹಾಕಿದ್ರ ಕೋರ್ಟ್ ಕೊಡೋದು ಆಡಳಿತಾಧಿಕಾರ ಪತ್ರ, ಅದರ ಜೋಡಿ ವಿಲ್ ನಕಲು ಲಗತ್ತ ಇರತೈತಿ. ಎರಡು, ಹೊಲ ಅಪ್ಪಾರಿಗೆ ಹೆಂಗ ಬಂತು? ವಾಟ್ನಿ (ಪಾಲು ವಿಭಾಗ) ಆಗಿ ಬಂತೋ, ಅಜ್ಜಾರು ತೀರಿದ ಮ್ಯಾಲೆ ವಾರ್ಸಾ ಆಗಿ ಬಂತೋ? ಇದು ಸಣ್ಣ ಮಾತಲ್ಲ, ಎಲ್ಲಾ ಲೆಕ್ಕ ಇದರ ಮ್ಯಾಲೆನ ನಿಂತೈತಿ.

ಬ್ಯಾಡಗಿ ಮೆಣಸಿನಕಾಯಿ:
ರಿಜಿಸ್ಟರ್ ಆಗಲಾರದ ವಿಲ್ ನಡಿಯಂಗಿಲ್ರಿ, ಅದನ್ನ ಒಲಿಗೆ ಹಾಕ್ರಿ, ಮೂರೂ ಮಂದಿ ಸಮ ಹಂಚಕೋರಿ, ಮುಗೀತು.

ಹಳೇ ಶಿರಸ್ತೇದಾರ:
ಒಲಿಗಿ ಹಾಕೋ ಮಾತು ಯಾರೂ ಆಡಬ್ಯಾಡ್ರಿ, ದಯವಿಟ್ಟು. ವಿಲ್ ನಾಶ ಮಾಡೋದು ಅಪರಾಧ. ವಿಲ್‌ಗೆ ರಿಜಿಸ್ಟ್ರೇಷನ್ ಕಡ್ಡಾಯ ಇಲ್ಲ, ಬಾಂಡ್ ಪೇಪರೂ ಬೇಕಿಲ್ಲ, ಬಿಳಿ ಹಾಳಿ ಸಾಕು. ಬರದವರ ಸಹಿ, ಅದನ್ನ ನೋಡಿ ಇಬ್ರು ಸಾಕ್ಷಿದಾರರು ಮಾಡಿದ ಸಹಿ, ಇಷ್ಟು ಇರಬೇಕು. ಆದ್ರ ಕೋರ್ಟಿನಾಗ ಅದನ್ನ ಸಾಬೀತು ಮಾಡಬೇಕಂದ್ರ ಆ ಇಬ್ರಾಗ ಒಬ್ರರ ಬಂದು ಸಾಕ್ಷಿ ಹೇಳಬೇಕು. ಇಬ್ರೂ ಇಲ್ಲಂದ್ರ ಅವರ ಕೈಬರಹ, ಬರದವರ ಕೈಬರಹ ಗುರ್ತು ಹಿಡಿಯೋ ಮಂದೀನ ಹುಡುಕ್ಯಾಡಬೇಕು, ಅದು ತ್ರಾಸಿನ ಕೆಲಸ.

ಸಾಕ್ಷಿದಾರರು ಯಾರು, ಈಗ ಎಲ್ಲಿ ಅದಾರ?

ಕೇಶ್ವಾಪುರದಾಂವ:
ಶಿರಸ್ತೇದಾರ ಸರ, ಭಾಳ ಉಪಕಾರ. ಜಾರಿ ಮಾಡೋರ ಹೆಸರು ಬರದಿಲ್ರಿ. ಹೊಲ ನಮ್ಮ ಮುತ್ತಜ್ಜನ ಕಾಲದ್ದು, ಅಜ್ಜಾರು ಇದ್ದಾಗನ ಅಪ್ಪಾರಿಗೂ ಕಾಕಾಗೂ ವಾಟ್ನಿ ಆಗೈತಿ, ಅಜ್ಜಾರು ತಮಗೊಂದು ಪಾಲು ಇಟಗೊಂಡಿದ್ರು. ಸಾಕ್ಷಿದಾರರಾಗ ಒಬ್ರು ಅಪ್ಪಾರ ಜೋಡಿ ವರ್ಕ್‌ಶಾಪ್‌ನಾಗ ಇದ್ದವರು, ಅವರು ತೀರಿಕೊಂಡಾರ. ಇನ್ನೊಬ್ರು ನಮ್ಮ ಓಣಿ ಕನ್ನಡ ಸಾಲಿ ಮಾಸ್ತರ್ರು, 82 ವಯಸ್ಸು, ಮಗನ ಮನಿ ನವನಗರದಾಗ ಐತಿ, ಅಲ್ಲೇ ಅದಾರ.

ಹಳೇ ಶಿರಸ್ತೇದಾರ:
ವಕೀಲರನ್ನ ನಾಳೆ ಹುಡುಕ್ರಿ, ಇವತ್ತು ಮಾಸ್ತರ್ ಮನಿಗೆ ಹೋಗ್ರಿ.

ಮನಿ ನಿಮ್ಮಪ್ಪಾರ ಸ್ವಂತ ಗಳಿಕೆ, ಅದನ್ನ ಯಾರಿಗೆ ಬೇಕಾದ್ರೂ ಬರದು ಕೊಡಬಹುದು. ಹೊಲ ಹಂಗಲ್ಲ. ವಾಟ್ನಿದಾಗ ಬಂದ ಪಿತ್ರಾರ್ಜಿತ ಅಂದ ಮ್ಯಾಲೆ ಅದರಾಗ ಮಕ್ಕಳಿಗೆ ಹುಟ್ಟಿನಿಂದ ಹಕ್ಕು, ಮಗಳಿಗೂ ಸೇರಿ. ಅಪ್ಪಾರು ವಿಲ್ ಬರಿಯೋದಿದ್ರ ತಮ್ಮ ಪಾಲಿಗೆ ಅಷ್ಟ ಬರೀಬಹುದಿತ್ತು. ನಿಮ್ಮ ತಂಗಿ ಪಾಲು ಅವರ ಕೈಯಾಗ ಇರಲಿಲ್ಲ, ಕೊಡಾಕೂ, ಕಸಗೊಳ್ಳಾಕೂ. ಅವ್ವಾರದೂ ಹಿಡದು ಪಾಲಿನ ಲೆಕ್ಕ ವಕೀಲರ ಕಡೆ ಹಾಳಿ ಮ್ಯಾಲೆ ಬರಸಕೋರಿ, ಬಾಯಿಲೆಕ್ಕ ಬ್ಯಾಡ.

ಮಾಳಮಡ್ಡಿ:
ಶಹರಕ್ಕ ಅಷ್ಟ ಅನ್ನೋದು ನನಗ ಗೊತ್ತಿರಲಿಲ್ಲ ಸರ, ತಿದ್ದಿದ್ದು ಚಲೋ ಆತು. ಆದ್ರ ತಂಗಿ ಮದುವಿ 2005ರಕಿಂತ ಮೊದಲ ಆಗಿದ್ರ ಹಕ್ಕು ಬರೋದಿಲ್ಲಲ್ಲ?

ರೋಣದ ಮಗಳು:
ಬರತೈತ್ರಿ. 2005ರ ತಿದ್ದುಪಡಿ ಆದ ಮ್ಯಾಲೆ ಮದುವಿ ಆಗೈತೋ ಇಲ್ಲೋ ಅನ್ನೋ ಪ್ರಶ್ನೆನ ಇಲ್ಲ. ಮದುವಿ ನೋಡತಿದ್ದದ್ದು ನಮ್ಮ ಕರ್ನಾಟಕದ 1994ರ ತಿದ್ದುಪಡಿ, ಅದರಾಗ ಅವತ್ತಿಗೆ ಮದುವಿ ಆಗಲಾರದ ಹೆಣ್ಮಕ್ಕಳಿಗೆ ಅಷ್ಟ ಇತ್ತು. 2020ರ ಆಗಸ್ಟ್‌ನಾಗ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡೈತಿ, ಅಪ್ಪ 2005ರಾಗ ಜೀವಂತ ಇದ್ರೂ ಇರದಿದ್ರೂ ಮಗಳಿಗೆ ಹುಟ್ಟಿನಿಂದನ ಹಕ್ಕು ಅಂತ. 2004ರ ಡಿಸೆಂಬರ್ 20ಕ್ಕಿಂತ ಮೊದಲ ಖರೇನ ವಾಟ್ನಿ ಆಗಿ ಮುಗದಿದ್ರ ಅದನ್ನ ಮುಟ್ಟಂಗಿಲ್ಲ, ಅಷ್ಟ.

ಇದನ್ನೆಲ್ಲಾ ನಾನು ಬಾಯಿಪಾಠ ಮಾಡೇನಿ ಯಾಕಂದ್ರ ನಮ್ಮ ಮನ್ಯಾಗ ಆಗೈತಿ. ಅಪ್ಪ ಹೋದ ಮ್ಯಾಲೆ ಅಣ್ಣದೇರು ವಂಶವೃಕ್ಷದಾಗ ನನ್ನ ಹೆಸರನ್ನ ಬಿಟ್ಟು ವಾರ್ಸಾ ವರ್ದಿ ಕೊಟ್ರು, ಉತಾರದಾಗ (ಪಹಣಿ) ಇಬ್ರ ಹೆಸರೂ ಬಂತು. ನನಗ ಗೊತ್ತಾದದ್ದು ಬೆಳಿಸಾಲದ ಸಲುವಾಗಿ ಸೊಸೈಟಿಗೆ ಹೋದ ಅಣ್ಣನ ಮಗ ಬಾಯಿತಪ್ಪಿ ಅಂದಾಗ. ಹೊಲದ ಆಶೆ ನನಗ ಇರಲಿಲ್ಲ, ಕೇಳಿದ್ರ ಅರ್ಧಾ ಬಿಟ್ಟು ಕೊಡ್ತಿದ್ದೆ. ಆದ್ರ ನಮ್ಮಪ್ಪಗ ಮಕ್ಕಳು ಎಷ್ಟು ಅಂತ ಕೇಳಿದ ಜಾಗಾದಾಗ 'ಇಬ್ರು' ಅಂತ ಬರದು ಅಣ್ಣ ಸಹಿ ಮಾಡಿದ್ದ. ಆ ಹಾಳಿ ಝೆರಾಕ್ಸ್ ಇನ್ನೂ ನನ್ನ ಹತ್ರ ಐತಿ. ಹೊಲದಕಿಂತ ಆ 'ಇಬ್ರು' ಅನ್ನೋ ಶಬ್ದ ನನಗ ಭಾಳ ಸಂಕಟ ಮಾಡ್ತು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋದೆ. ಹೆಣ್ಮಕ್ಕಳಿಗೆ ಅಲ್ಲಿ ಆದಾಯ ನೋಡಲಾರದ ಪುಕ್ಕಟೆ ವಕೀಲರನ್ನ ಕೊಡ್ತಾರ, 15100ಕ್ಕ ಫೋನ್ ಮಾಡಿದ್ರೂ ದಾರಿ ಹೇಳ್ತಾರ. ದಾವಾ ಹಾಕಿದ್ವಿ, ಲೋಕ ಅದಾಲತ್‌ನಾಗ ರಾಜಿ ಆತು, 1 ಎಕರೆ 10 ಗುಂಟೆ ನನ್ನ ಹೆಸರಿಗೆ ಬಂತು. ಅದಾಲತ್ ಆದೇಶ ಕೋರ್ಟ್ ಡಿಕ್ರಿ ಇದ್ದಂಗ, ಅದರ ಮ್ಯಾಲೆ ಅಪೀಲಿಲ್ಲ, ಕಟ್ಟಿದ ಕೋರ್ಟ್ ಫೀನೂ ವಾಪಸ್ ಬರತೈತಿ.

ಕೇಶ್ವಾಪುರದ ಅಣ್ಣಾರ, ವಿಲ್ ಸಿಕ್ಕದ್ದು ನಿಮ್ಮ ತಂಗಿಗೆ ಹೇಳೀರೇನು?

ಕೇಶ್ವಾಪುರದಾಂವ:
ಹೇಳಿಲ್ರಿ ಅಕ್ಕಾರ. ಆ ಒಂದು ಸಾಲು ಓದಿದ್ರ ಆಕಿಗೆ ಹೆಂಗ ಆಗತೈತೋ ಅಂತ ಅಣ್ಣಾನೂ ನಾನೂ ತಡದೇವಿ.

ಬೆಟಗೇರಿ ಮಗ್ಗ:
ತಡಿಯೋದು ತಪ್ಪು. ಬ್ಯಾರೆಯವರ ಬಾಯಿಂದ ಗೊತ್ತಾತಂದ್ರ ಮುಂದ ನೀವು ಏನು ಹೇಳಿದ್ರೂ ನಂಬಂಗಿಲ್ಲ. ಗದಗ ಏನು ದೂರ ಐತಿ, ಒಂದು ತಾಸು, ಹೋಗಿ ಕುಂತು ಓದಿ ಹೇಳ್ರಿ.

ಶಿಗ್ಗಾಂವಿ ಸಂತಿ:
ಎಲ್ಲಾರೂ ತಂಗಿ ತಂಗಿ ಅಂತೀರಿ, ಅಪ್ಪ ತನ್ನ ಕೈಯಾರೆ ಬರದದ್ದಕ್ಕ ಕಿಮ್ಮತ್ತಿಲ್ಲೇನು? ಸಿಂಪಲ್ ದಾರಿ, ತಂಗಿ ಕಡೆ ಒಂದು 100 ರೂಪಾಯಿ ಬಾಂಡ್ ಮ್ಯಾಲೆ ಹಕ್ಕು ಬಿಟ್ಟೇನಿ ಅಂತ ಸಹಿ ತಗೋರಿ, ಒಂದು ಚಲೋ ಸೀರಿ, ಅರಿಷಿಣ ಕುಂಕುಮ ಕೊಟ್ಟು ಕಳಸ್ರಿ. ನಮ್ಮ ಕಡೆ ಹಿಂಗ ನಡೀತೈತಿ.

ರೋಣದ ಮಗಳು:
ನಡೀತಿತ್ತು ಅನ್ರಿ. ನಮ್ಮ ಅತ್ತಿ ಹಂಗ ಸೀರಿ ತಗೊಂಡು ಸಹಿ ಮಾಡಿದಾಕಿ, ಮುಂದ ಗಂಡ ಹೋದ ಮ್ಯಾಲೆ ತವರಿಗೆ ಬಂದ್ರ ಎರಡು ದಿನ ಇಟಗೊಂಡವರಿಲ್ಲ.

ಹಳೇ ಶಿರಸ್ತೇದಾರ:
ಶಿಗ್ಗಾಂವಿಯವ್ರ, ಅಪ್ಪಾರ ಮಾತಿಗೆ ಕಿಮ್ಮತ್ತು ಐತಿ, ಮನಿ ವಿಷಯದಾಗ ಪೂರಾ ಐತಿ. ಆದ್ರ 100 ರೂಪಾಯಿ ಬಾಂಡಿನ ಮಾತು ಬಿಡ್ರಿ. ಸ್ಥಿರಾಸ್ತಿ ಹಕ್ಕು ಬಿಡೋ ಪತ್ರ ಸಬ್ ರಿಜಿಸ್ಟ್ರಾರ್ ಮುಂದ ರಿಜಿಸ್ಟರ್ ಆಗಬೇಕು, ಇಲ್ಲಂದ್ರ ಅದಕ್ಕ ಬೆಲಿ ಇಲ್ಲ. ನೋಟರಿ ಶಿಕ್ಕಾ ಹೊಡಿಸಿದ್ರೂ ಇಲ್ಲ. ನಾನು ಇದ್ದ ಕೋರ್ಟಿನಾಗ ಇಂಥಾ ಬಾಂಡು ಹಿಡಕೊಂಡು ಬಂದು ಸೋತು ಹೋದವರು ಭಾಳ ಮಂದಿ.

ಚಿಗರಿ ಬಸ್ಸು:
ವಕೀಲರನ್ನ ಹುಡುಕೋದು ಹೆಂಗ ಅಂತ ಕೇಳ್ಯಾರ, ಯಾರೂ ಹೇಳವಲ್ರಿ. ನಾ ಮಾಡಿದ್ದು ಹೇಳ್ತೀನಿ. ನಮ್ಮ ಮಾವಾರ ಆಸ್ತಿ ಸಲುವಾಗಿ ಒಂದು ಮುಂಜಾನೆ ಪೂರಾ ವಿದ್ಯಾನಗರದ ಹೊಸಾ ಕೋರ್ಟಿಗೆ ಹೋಗಿ ಸಿವಿಲ್ ಕೋರ್ಟ್ ಹಾಲ್‌ನಾಗ ಹಿಂದಿನ ಬಾಕಿನ ಮ್ಯಾಲೆ ಸುಮ್ಮ ಕುಂತೆ. ಯಾರು ಫೈಲ್ ಓದಿಕೊಂಡು ಬರ್ತಾರ, ಯಾರು ಬರೇ ಮುಂದಿನ ತಾರೀಕು ಕೇಳಿ ಹೊಂಟು ಹೋಗ್ತಾರ, ಎರಡು ತಾಸಿನಾಗ ಕಣ್ಣಿಗೆ ಕಾಣತೈತ್ರಿ. ಒಬ್ರು ವಕೀಲರು ವಯಸ್ಸಾದ ಹೆಣ್ಮಗಳಿಗೆ ಕಾರಿಡಾರ್‌ನಾಗ ನಿಂತು ಮೂರು ಸಲ ಅದನ್ನ ತಿರುಗಿ ತಿರುಗಿ ತಿಳಿಸಿ ಹೇಳಾಕತ್ತಿದ್ರು, ಅವರ ಹಿಂದ ಹೋಗಿ ಆಫೀಸ್ ಎಲ್ಲೈತ್ರಿ ಅಂತ ಕೇಳಿದೆ, ಇವತ್ತಿಗೂ ಅವರ ನಮ್ಮ ವಕೀಲರು.

ಇ-ಕೋರ್ಟ್ಸ್ ಆ್ಯಪ್‌ನಾಗ ವಕೀಲರ ಹೆಸರು ಹಾಕಿ ಹುಡುಕಿದ್ರ ಅವರ ಕೇಸು ಬರ್ತಾವು, ಎಲ್ಲಾ ಕ್ರಿಮಿನಲ್ಲ ಇದ್ರ ನಿಮ್ಮ ಕೆಲಸಕ್ಕ ಬ್ಯಾರೆಯವರು ಬೇಕು ಅಂತ ಗೊತ್ತಾಗತೈತಿ.

ಉಣಕಲ್ ಕೆರಿ:
ಪರ್ಸೆಂಟ್ ಮಾತು ಬಂತಲ್ಲ, ಅದು ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಮಾಡಂಗಿಲ್ರಿ. ಕೇಸಿನ ಫಲಿತಾಂಶದ ಮ್ಯಾಲೆ ಫೀ, ಸಿಗೋ ಆಸ್ತಿದಾಗ ಪಾಲು, ಎರಡೂ ಇಲ್ಲ. ಫೀ ಎಷ್ಟು, ಯಾವ ಹಂತಕ್ಕ ಎಷ್ಟು, ಟೈಪಿಂಗ್, ನಕಲು, ಪೇಪರ್ ಜಾಹೀರಾತು ಖರ್ಚು ಅದರಾಗ ಐತೋ ಹೊರಗೋ, ಒಂದು ಹಾಳಿ ಮ್ಯಾಲೆ ಬರಸ್ಕೋರಿ. ವಕಾಲತ್‌ನಾಮಾಕ್ಕ ಓದಿ ಸಹಿ ಮಾಡ್ರಿ, ಖಾಲಿ ಬಿಟ್ಟ ಹಾಳಿಗೆ ಸಹಿ ಬ್ಯಾಡ.

ಮುಂಡರಗಿ ಕಡ್ಲಿ:
ನಮ್ಮ ವಕೀಲರು ಬಾಕಿ ಫೀ ಕೊಡೋತನಕ ಫೈಲ್ ಕೊಡಂಗಿಲ್ಲ ಅಂತ 7 ತಿಂಗಳಿಂದ ಇಟಗೊಂಡಾರ, ಬ್ಯಾರೆಯವರ ಹತ್ರ ಹೋಗಾಕ ಬರವಲ್ದು. ಏನು ಮಾಡ್ಲಿ?

ಉಣಕಲ್ ಕೆರಿ:
ಹಂಗ ಇಟಗೊಳ್ಳಾಕ ಬರಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ನೇ ಇಸ್ವಿದಾಗನ ಹೇಳೈತಿ. ಫೀ ಬಾಕಿ ಇದ್ರ ಅದನ್ನ ಬ್ಯಾರೆ ದಾರಿಯಿಂದ ವಸೂಲಿ ಮಾಡಬೇಕು, ಪಕ್ಷಗಾರನ ಕಾಗದ ಒತ್ತಿ ಇಟಗೊಳ್ಳಂಗಿಲ್ಲ. ರಿಜಿಸ್ಟರ್ ಪೋಸ್ಟಿನಾಗ ಒಂದು ಪತ್ರ ಹಾಕ್ರಿ ಮೊದಲ, ಆಗಲಿಲ್ಲಂದ್ರ ರಾಜ್ಯ ಬಾರ್ ಕೌನ್ಸಿಲ್‌ಗೆ ದೂರು ಕೊಡ್ರಿ.

ಅಣ್ಣಿಗೇರಿ ಎರಿಹೊಲ:
ಹೊಲಕ್ಕ ವಕೀಲರು ಈಗನ ಯಾಕ ಬೇಕು? ಮರಣ ಪ್ರಮಾಣ ಪತ್ರ, ನಾಡಕಚೇರಿ ವಂಶವೃಕ್ಷ, ಎಲ್ಲಾರ ಆಧಾರ್, ಇಷ್ಟು ತಗೊಂಡು ಪೌತಿ ಖಾತೆಗೆ, ಅಂದ್ರ ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಮಾಡಾಕ, ಅರ್ಜಿ ಕೊಟ್ರ ತಲಾಟಿಯವರು ನೋಟಿಸ್ ಹಚ್ಚತಾರ, ಯಾರದೂ ತಕರಾರು ಇಲ್ಲಂದ್ರ ಡೈರಿ (ಹೆಸರು ಬದಲಾವಣೆ ದಾಖಲು) ಆಗಿ ಅವ್ವಾರು, ಮೂರೂ ಮಕ್ಕಳು ಎಲ್ಲಾರ ಹೆಸರೂ ಉತಾರದಾಗ ಕುಂದರತಾವು. ಆಮ್ಯಾಲೆ ಒಪ್ಪಿಗಿಯಿಂದ ವಾಟ್ನಿ ಮಾಡಿಕೊಳ್ಳೋದಿದ್ರ 11ಇ ನಕ್ಷೆ (ಹೊಲದ ತುಂಡು ತೋರಿಸೋ ಸರ್ವೆ ನಕ್ಷೆ) ಮಾಡಿಸಿ ರಿಜಿಸ್ಟರ್ ಮಾಡ್ರಿ. ವಿಲ್ ತೋರಿಸಿ ಇಬ್ರ ಹೆಸರಿಗೆ ಮಾಡಾಕ ಹೋದ್ರಿ ಅಂದ್ರ, ತಂಗಿ ಒಂದು ತಕರಾರು ಅರ್ಜಿ ಕೊಟ್ರ ಅಲ್ಲೇ ನಿಂತ ಬಿಡತೈತಿ, ಸಿವಿಲ್ ಕೋರ್ಟಿಗೆ ಹೋಗ್ರಿ ಅಂತಾರ. ಉತಾರದಾಗ ಹೆಸರು ಬಂದ್ರ ಮಾಲೀಕರಾದಂಗ ಅಂತಾನೂ ತಿಳಕೋಬ್ಯಾಡ್ರಿ, ಅದು ಕಂದಾಯದ ಸಲುವಾಗಿ ಇರೋ ದಾಖಲೆ.

ಈ ಸಲ ಕಡ್ಲಿ ಹೆಂಗ ಐತ್ರಿ ನಿಮ್ಮ ಹೊಲದಾಗ? ನಮ್ಮಲ್ಲಿ ಸಿಡಿ ರೋಗ ಬಿದ್ದೈತಿ.

ಮುಂಡರಗಿ ಕಡ್ಲಿ:
ನಮ್ಮಲ್ಲೂ ಅಷ್ಟ ಅಣ್ಣಾ, ಥಂಡಿ ಬೀಳಲಿಲ್ಲ ಹೊತ್ತಿಗೆ ಸರಿಯಾಗಿ.

ನವನಗರ ಕ್ಯಾಶಿಯರ್:
ನಾನು ಬ್ಯಾಂಕಿನಾಗ ಇದ್ದು ರಿಟೈರ್ ಆದವ. ನಾಮಿನಿ ಇರೋ ಎಫ್‌ಡಿಗೆ ಪ್ರೊಬೇಟ್ ಕೇಳೋದ ತಪ್ಪು. ಮರಣ ಪ್ರಮಾಣ ಪತ್ರ, ನಾಮಿನಿ ಗುರುತಿನ ಚೀಟಿ, ಕ್ಲೇಮ್ ಫಾರ್ಮ್ ಕೊಟ್ರ ಆತು, ಕೋರ್ಟಿನ ಆದೇಶ ತಡಿ ಹಾಕಿರಬಾರದು ಅಷ್ಟ. ನಾಮಿನಿ ಇಲ್ಲದ್ದಕ್ಕ 2025ರ ಸೆಪ್ಟೆಂಬರ್‌ನಾಗ ಆರ್‌ಬಿಐ ಹೊಸಾ ನಿರ್ದೇಶನ ಹೊರಡಿಸೈತಿ, 2026ರ ಮಾರ್ಚ್ 31ರ ಒಳಗ ಎಲ್ಲಾ ಬ್ಯಾಂಕೂ ಜಾರಿ ಮಾಡಬೇಕು ಅಂತ. ವಾಣಿಜ್ಯ ಬ್ಯಾಂಕಿನಾಗ 15 ಲಕ್ಷ, ಸಹಕಾರಿ ಬ್ಯಾಂಕಿನಾಗ 5 ಲಕ್ಷದ ತನಕ ತಂಟೆ ಇಲ್ಲಂದ್ರ ಸರಳ ರೀತಿಯೊಳಗ ಕೊಡಬೇಕು, ಉಳಿದ ವಾರಸುದಾರರ ಒಪ್ಪಿಗಿ ಪತ್ರ, ಇಂಡೆಮ್ನಿಟಿ ಬಾಂಡ್ (ಮುಂದ ನಷ್ಟ ಬಂದ್ರ ತುಂಬಿಕೊಡ್ತೇವಿ ಅನ್ನೋ ಪತ್ರ) ಇಷ್ಟರ ಮ್ಯಾಲೆ, ಮತ್ತ ಎಲ್ಲಾ ಕಾಗದ ಕೊಟ್ಟು 15 ದಿನದಾಗ. ಅದಕ್ಕೂ ಮ್ಯಾಲಿದ್ರ ಕೋರ್ಟಿನ ಉತ್ತರಾಧಿಕಾರ ಪ್ರಮಾಣ ಪತ್ರ ಕೇಳಬಹುದು. ಯಾವ ನಿಯಮದ ಮ್ಯಾಲೆ ಪ್ರೊಬೇಟ್ ಕೇಳ್ತೀರಿ ಅಂತ ಬರವಣಿಗೆಯೊಳಗ ಕೇಳ್ರಿ.

ಶಿಗ್ಗಾಂವಿ ಸಂತಿ:
ಅಂದ್ರ ಅಣ್ಣ ನಾಮಿನಿ ಇರೋ ಎಫ್‌ಡಿ ಅಣ್ಣಂದ ಆತು.

ನವನಗರ ಕ್ಯಾಶಿಯರ್:
ಇಲ್ರಿ, ಇಲ್ಲೇ ಎಲ್ಲಾರೂ ಎಡವತಾರ. ನಾಮಿನಿ ರೊಕ್ಕ ಇಸಗೊಳ್ಳಾಂವ, ಮಾಲೀಕ ಅಲ್ಲ. ವಿಲ್ ಪ್ರಕಾರ ಇಲ್ಲಾ ವಾರಸಾ ಪ್ರಕಾರ ಹಂಚಬೇಕು. ಶೇರಿನ ವಿಷಯದಾಗೂ ಇದ ಅಂತ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಾಗ ಹೇಳೈತಿ. ಇನ್ಶೂರೆನ್ಸ್ ಒಂದರಾಗ ಮಾತ್ರ 2015ರ ತಿದ್ದುಪಡಿ ಆದ ಮ್ಯಾಲೆ ಹೆಂಡತಿ, ಗಂಡ, ಮಕ್ಕಳು, ತಂದಿ-ತಾಯಿ ನಾಮಿನಿ ಇದ್ರ ರೊಕ್ಕ ಅವರದ ಅಂತ ಕಾಯ್ದೆದಾಗ ಐತಿ, ಆದ್ರ ವಾರಸುದಾರರು ಹಕ್ಕು ಕೇಳಿದ್ರ ಅವರಿಗೂ ಪಾಲು ಅಂತ ನಮ್ಮ ಕರ್ನಾಟಕ ಹೈಕೋರ್ಟ್ 2025ರಾಗ ಹೇಳೈತಿ. ಕೇಶ್ವಾಪುರದವ್ರ, ವಿಲ್‌ದಾಗ ಎಫ್‌ಡಿ ಬಗ್ಗೆ ಏನು ಬರದಾರ?

ಕೇಶ್ವಾಪುರದಾಂವ:
ಎಫ್‌ಡಿ, ಶೇರು ಎರಡರ ಬಗ್ಗೆಯೂ ಒಂದಕ್ಷರ ಇಲ್ಲ ಸರ.

ನವನಗರ ಕ್ಯಾಶಿಯರ್:
ಹಂಗಿದ್ರ ಅದು ವಿಲ್ ಹೊರಗ. ಅವ್ವಾರು, ನೀವು, ಅಣ್ಣಾರು, ತಂಗಿ, ನಾಕು ಮಂದಿಗೂ ಸಮಪಾಲು, ನಿಮ್ಮ ಅಜ್ಜಿ ಅಂದ್ರ ಅಪ್ಪಾರ ತಾಯಿ ಇದ್ರ ಅವರಿಗೂ. ಹಳೇ ಪಾಸ್‌ಬುಕ್ ಒಂದೂ ಒಗಿಬ್ಯಾಡ್ರಿ. ಸಿಂಡಿಕೇಟ್ ಬ್ಯಾಂಕ್ ಇದ್ರ 2020ರಿಂದ ಅದು ಕೆನರಾ, ನಮ್ಮ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್ ಇದ್ರ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್. ಹತ್ತು ವರ್ಷ ಮುಟ್ಟಲಾರದ ಠೇವಣಿ ಇದ್ರ ಆರ್‌ಬಿಐದ ಉದ್ಗಮ್ ಪೋರ್ಟಲ್‌ನಾಗ ಹುಡುಕ್ರಿ. ಶೇರಿನ ಡಿವಿಡೆಂಡ್ 7 ವರ್ಷ ಯಾರೂ ತಗೊಳ್ಳಲಾರದ ಬಿಟ್ಟಿದ್ರ ಅವು ಸರಕಾರದ ಐಇಪಿಎಫ್ ನಿಧಿಗೆ ಹೋಗಿರ್ತಾವು, ವಾಪಸ್ ತರಬಹುದು.

ಮಾಳಮಡ್ಡಿ:
ವಿಕಾಸ ಬ್ಯಾಂಕಿನ ಹೆಡ್ ಆಫೀಸ್ ಧಾರವಾಡದಿಂದ ಬಳ್ಳಾರಿಗೆ ಹೋದದ್ದು ನೆನಿಸಿದ್ರ ಇನ್ನೂ ಬ್ಯಾಸರ ಆಗತದ.

ಚಿಗರಿ ಬಸ್ಸು:
ಅದು ಬ್ಯಾರೆ ಚರ್ಚೆ ಮಾಳಮಡ್ಡಿಯವ್ರ, ಅದಕ್ಕೊಂದು ದಾರಾ ಬಿಚ್ಚಿದ್ರ ನಾನೂ ಬರ್ತೀನಿ.

ಸವಣೂರ ಎಲಿ:
ನಮ್ಮ ಭಾವಾರು ಅಮೆರಿಕಾದಾಗ ತೀರಿಕೊಂಡ್ರು, ಅಲ್ಲಿ ಪ್ರೊಬೇಟ್ ಅಟಾರ್ನಿ ಅಂತನ ಬ್ಯಾರೆ ವಕೀಲರು ಇರ್ತಾರ, ಅಲ್ಲಿನ ಮನಿ ಅವರು ನೋಡಿಕೊಂಡ್ರು. ಆದ್ರ ಸವಣೂರಿನ ಹೊಲಕ್ಕ ಅಲ್ಲಿನ ಕೋರ್ಟ್ ಕಾಗದ ಅಷ್ಟ ಸಾಕಾಗಲಿಲ್ಲ, ಇಲ್ಲಿನ ಸ್ಥಿರಾಸ್ತಿಗೆ ಇಲ್ಲಿನ ಕಾಯ್ದೆನ. ಅಕ್ಕ ಅಲ್ಲಿಂದ ಮುಖತ್ಯಾರ ಪತ್ರ ಕಳಸಿದ್ಲು, ಅದು ಇಲ್ಲಿ ಮುಟ್ಟಿದ ಮೂರು ತಿಂಗಳ ಒಳಗ ಸ್ಟ್ಯಾಂಪ್ ಕಟ್ಟಬೇಕು, ಅದನ್ನ ಮರೀಬ್ಯಾಡ್ರಿ ಯಾರೂ.

ಹಳೇ ಶಿರಸ್ತೇದಾರ:
ಒಂದು ಮಾತು ಉಳೀತು. ಒರಿಜಿನಲ್ ವಿಲ್‌ಗೆ ಲ್ಯಾಮಿನೇಷನ್ ಮಾಡಿಸಬ್ಯಾಡ್ರಿ, ಪಿನ್ನೂ ಹೊಡೀಬ್ಯಾಡ್ರಿ, ಅದರ ಮ್ಯಾಲೆ ಪೆನ್ನಿನಿಂದ ಏನೂ ಬರೀಬ್ಯಾಡ್ರಿ. ಕೋರ್ಟ್ ಒರಿಜಿನಲ್ ಕೇಳತೈತಿ, ಶಾಯಿ, ಕಾಗದ, ಮಡಿಕಿ ಎಲ್ಲಾ ನೋಡ್ತಾರ. ವಕೀಲರಿಗೆ ಮೊದಲ ಝೆರಾಕ್ಸ್ ತೋರಸ್ರಿ. ಚಲೋ ವಕೀಲರು ನಿಮ್ಮನ್ನ ಮೊದಲ ಕೇಳೋದು 'ವಾರಸುದಾರರು ಎಷ್ಟು ಮಂದಿ, ಸಾಕ್ಷಿದಾರರು ಅದಾರೇನು' ಅಂತ. ಆಸ್ತಿ ಕಿಮ್ಮತ್ತು ಮೊದಲ ಕೇಳಿದವರ ಹತ್ರ ಹೋಗಬ್ಯಾಡ್ರಿ. ಮತ್ತ ನಿಮ್ಮ ಮನ್ಯಾಗ ಎಲ್ಲಾರೂ ಒಪ್ಪಿದ್ರ ಕೋರ್ಟಿನ ಮಟ್ಟಲು ಹತ್ತೋ ಕೆಲಸನ ಬೀಳಂಗಿಲ್ಲ, ಒಂದು ವಾಟ್ನಿ ಪತ್ರ ಬರಿಯಾಕ ಮಾತ್ರ ವಕೀಲರು ಬೇಕಾಗ್ತಾರ.

ಕೇಶ್ವಾಪುರದಾಂವ:
ಎಲ್ಲಾರೂ ಹೇಳಿದ್ದಕ್ಕ ಏನಾತು ಅಂತ ಬರೀಬೇಕು ಅನಿಸ್ತು.

ನಿನ್ನೆ ಸಂಜಿಕ ನವನಗರಕ್ಕ ಹೋಗಿದ್ದೆ. ಮಾಸ್ತರ್ರಿಗೆ ಕಣ್ಣು ಮಂಜಾಗ್ಯಾವು, ಹಾಳಿ ಟ್ಯೂಬ್‌ಲೈಟ್ ಹತ್ರ ಹಿಡದು ಮೂಗಿಗೆ ಹತ್ತೋವಷ್ಟು ಸಮೀಪ ತಂದು ಓದಿದ್ರು. ತಮ್ಮ ಸಹಿ ಮ್ಯಾಲೆ ಬೆರಳಿಟ್ಟು 'ಇದು ನಾನ ಮಾಡಿದ್ದು, ನಿಮ್ಮಪ್ಪ ಮೊದಲ ಸಹಿ ಮಾಡಿದ, ಆಮ್ಯಾಲೆ ನಾವು, ನಿಮ್ಮ ಪಡಸಾಲಿ ಕಟ್ಟಿ ಮ್ಯಾಲೆ ಕುಂತು' ಅಂದ್ರು. ಅಪ್ಪಾರು ಶಾಯಿ ಒಣಗಲಿ ಅಂತ ಹಾಳಿ ಮ್ಯಾಲೆ ಊದಿದ್ದೂ ಅವರಿಗೆ ನೆನಪೈತಿ. ಕೋರ್ಟಿಗೆ ಬರಬೇಕಾದ್ರ ಬರ್ತೀನಿ ಅಂದಾರ.

ಮುಂಜಾನೆ ಅವ್ವನ್ನ ಕರಕೊಂಡು ಗದಗಿಗೆ ಹೋದ್ವಿ, ಅಣ್ಣ ಫೋನಿನಾಗ ಇದ್ದ. ತಂಗಿ ಮುಂದ ಪೂರಾ ಓದಿದೆ. ಆ ಸಾಲು ಬಂದಾಗ ನನಗ ಬಾಯಿ ಕಟ್ತು, ಆಕಿನ ಹಾಳಿ ಇಸಗೊಂಡು ಓದಿದ್ಲು. ಅಪ್ಪಾರು ಆಕಿ ಹೆಸರನ್ನ ಮನ್ಯಾಗ ಕರಿಯೋ ಮುದ್ದಿನ ಹೆಸರಿನಾಗ ಬರದಾರ, ಅದನ್ನ ನೋಡಿ ಅಳಾಕತ್ತಿದ್ಲು, ಪಾಲಿನ ಸಲುವಾಗಿ ಅಲ್ಲ. ಮನಿ ನೀವ ಇಟಗೋರಿ, ಹೊಲದಾಗ ನನ್ನ ಹೆಸರು ಇರಲಿ ಅಂದ್ಲು. ಅಣ್ಣ ಹೂಂ ಅಂದ. ಸೋಮವಾರ ಅಣ್ಣಿಗೇರಿ ನಾಡಕಚೇರಿಗೆ ನಾಕೂ ಮಂದಿ ಹೆಸರಿನ ವಂಶವೃಕ್ಷಕ್ಕ ಅರ್ಜಿ ಹಾಕ್ತೇನಿ. ವಾಟ್ನಿ ಪತ್ರಕ್ಕ ಚಿಗರಿ ಬಸ್ಸಿನವರು ಹೇಳಿದಂಗ ಕೋರ್ಟಿನಾಗ ಒಂದು ಮುಂಜಾನೆ ಕುಂತು ನೋಡ್ತೇನಿ.

ರೋಣದ ಮಗಳು:
ನಾಕೂ ಮಂದಿ ಹೆಸರು ಅಂತ ಓದಿ ನನಗೂ ಕಣ್ಣಾಗ ನೀರು ಬಂತು ಅಣ್ಣಾರ. ತಂಗಿ ಆಧಾರ್‌ನಾಗ ಗಂಡನ ಮನಿ ಅಡ್ಡಹೆಸರು ಇರತೈತಿ, ತವರಿನ ಹೆಸರು ಬ್ಯಾರೆ, ಎರಡೂ ಒಬ್ಬಾಕಿನ ಅಂತ ಒಂದು ಅಫಿಡವಿಟ್ ಮೊದಲ ಮಾಡಿಸಿ ಇಟಗೋರಿ, ನನಗ ಅಲ್ಲೇ ಒಂದು ತಿಂಗಳು ತಡಾ ಆಗಿತ್ತು.

ಹಳೇ ಶಿರಸ್ತೇದಾರ:
ಮಾಸ್ತರ್ ಹೇಳಿದ್ದನ್ನ ನೋಟರಿ ಮುಂದ ಅಫಿಡವಿಟ್ ಮಾಡಿಸಿದ್ರೇನು? ಮಾಡಿಸಿಲ್ಲಂದ್ರ ಸೋಮವಾರ ನಾಡಕಚೇರಿಗಿಂತ ಮೊದಲ ಅದು.

ಕೇಶ್ವಾಪುರದಾಂವ:
ಇಲ್ರಿ ಸರ, ನಾಳೆ ಮುಂಜಾನೆನ ನೋಟರಿಯವರನ್ನ ಅವರ ಮನಿಗೆ ಕರಕೊಂಡು ಹೋಗ್ತೇನಿ.